ಆಸಿಯಾಳ ಹನ್ನೆರಡು ಗಂಟೆ

ದೋಹಾದ ನಜ್ಮಾದಲ್ಲಿ, ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿರುವ ಉಳ್ಳಾಲದ ಆಸಿಯಾ ಕ್ರೋಶಾ ಕಡ್ಡಿ ಹಿಡಿದರೆ ಸಾಕು, ನೂಲಿನ ಉಂಡೆಗಳು ತಾವಾಗಿ ಶರಣಾಗುತ್ತವೆ. ಇಪ್ಪತ್ತಾರು ವರ್ಷಗಳಲ್ಲಿ ಆಕೆ ಹೆಣೆದ ನಮಾಝಿನ ಟೊಪ್ಪಿಗಳು ಗಂಡನ, ಮೈದುನಂದಿರ, ಮೈದುನಂದಿರ ಗೆಳೆಯರ ತಲೆಗಳನ್ನು ಒಂದೊಂದಾಗಿ ಗೆದ್ದುಕೊಂಡಿವೆ. ಆದರೆ ಸೋತ ತಲೆಗಳಲ್ಲಿ ಒಂದಾದರೂ "ಇದನ್ನು ಮಾಡಿದ್ದು ಯಾರು?" ಎಂದು ಕೇಳಿದ್ದಿಲ್ಲ. ಒಮ್ಮೆಯಾದರೂ ಯಾರಾದರೂ ಹಾಗೆ ಕೇಳಬೇಕು. ಆಸಿಯಾಳಿಗಿದ್ದ ಆಸೆ ಅಷ್ಟೇ.

ಆಸೆಗೆ ದಾರಿ ತೆರೆದವಳು ಎದುರು ಮನೆಯ ಕ್ಯಾರೊಲ್. ಊರು ಮಂಗಳೂರು, ಕೆಲಸ ವೆಸ್ಟ್ ಬೇಯ ಆಫೀಸೊಂದರಲ್ಲಿ. ಅವಳ ಮನೆಮಾತು ಕೊಂಕಣಿ, ಇವಳದು ಬ್ಯಾರಿ. ಇಬ್ಬರ ನಡುವಿನ ಒಪ್ಪಂದದ ಭಾಷೆ ಕನ್ನಡ. ಕೊಂಕಣಿ ಹೆಂಗಸರ ಕ್ರಿಸ್ಮಸ್ ಕೂಟದಲ್ಲಿ ಮರ ಸಿಂಗರಿಸುವ ಹೊಣೆ ಹೊತ್ತಿದ್ದ ಕ್ಯಾರೊಲ್ ಲಿಫ್ಟಿನಲ್ಲಿ ಹೇಳಿದಳು: "ಈ ಸಲ ಪ್ಲಾಸ್ಟಿಕ್ ಬೇಡ ಆಸಿಯಾ, ನೀನೇ ಹೆಣೆದು ಕೊಡು. ಎಂತ ಬೇಕಂತ ಮೆಸೇಜ್ ಮಾಡ್ತೇನೆ."

ಮೆಸೇಜ್ ಬಂತು: "ಶುಕ್ರವಾರ ಹನ್ನೆರಡು ಗಂಟೆ. ಕೆಂಪು, ಬಿಳಿ. ಮರೀಬೇಡ."

ಆಸಿಯಾ ಅದನ್ನು ಏಳು ಸಲ ಓದಿದಳು. ಸಮಯ ತಿಳಿಯಿತು, ಬಣ್ಣ ತಿಳಿಯಿತು. ಹೆಣೆಯಬೇಕಾದದ್ದು ಏನು? ಕೇಳಿದರೆ, ತಾನು ಕ್ರಿಸ್ಮಸ್ ಮರವನ್ನು ಮಾಲಿನಲ್ಲಿ ದೂರದಿಂದ ನೋಡಿದವಳಷ್ಟೇ ಎಂಬ ರಹಸ್ಯ ಹೊರಬಿದ್ದೀತು. ಮೇಲಾಗಿ ದೋಹಾದಲ್ಲಿ ವಾರದ ರಜೆ ಶುಕ್ರವಾರವೇ; ಅದು ಗಂಡಸರು ಜುಮಾ ನಮಾಝಿಗೂ ಕ್ಯಾರೊಲ್ ಚರ್ಚಿಗೂ ಹೋಗುವ ಹೊತ್ತು. ಆ ಹೊತ್ತಿಗೆ ಬಾ ಎನ್ನುವುದೆಂದರೇನು? ತಲೆ ಗಿರ್ರೆಂದು, ಗಂಡ ಮೊಯ್ದಿನ್ ಕುಂಞಿಯ ಬಳಿ ಹೋದಳು.

"ಮರ ಅಲ್ವಾ? ಮಾವಿನಕಾಯಿ ಮಾಡು," ಎಂದ ಆ ಮಹಾಮಂತ್ರಿ, ಟಿವಿಯಿಂದ ಕಣ್ಣು ಕೀಳದೆ.

ನಾಲ್ಕು ದಿನ ಘನಘೋರ ಹೆಣಿಗೆ. ಆರು ನಕ್ಷತ್ರ, ನಾಲ್ಕು ಮಾವಿನಕಾಯಿ, ನಂಬಿಕೆ ಸಾಲದೆ ಎರಡು ಬಂಗುಡೆ ಮೀನು. ಎಲ್ಲವೂ ಕೆಂಪು, ಬಿಳಿ.

ಶುಕ್ರವಾರ ಹನ್ನೆರಡಕ್ಕೆ ಸರಿಯಾಗಿ ಆಸಿಯಾ ಎದುರು ಬಾಗಿಲಿನ ಮೇಲೆ ದಂಡೆತ್ತಿ ಹೋದಳು. ಬೀಗ. ಹತ್ತು ನಿಮಿಷಕ್ಕೊಂದು ದಂಡಯಾತ್ರೆಯಂತೆ ಒಂಬತ್ತು ನಡೆದವು. ಒಂದೂವರೆಗೆ ಬಂದ ಕ್ಯಾರೊಲ್ ಚೀಲ ಬಿಡಿಸಿ ನೋಡಿದಳು.

"ಮೀನು ಚೆಂದ ಉಂಟು. ಗಂಟೆ ಎಲ್ಲಿ?"

"ಈಗ ಒಂದೂವರೆ ಗಂಟೆ, ಕ್ಯಾರೊಲ್ ಬಾಯಿ."

"ಅದಲ್ಲ ಮಾರಾಯ್ತಿ, ಹನ್ನೆರಡು ಗಂಟೆ!"

"ಹನ್ನೆರಡು ಗಂಟೆಗೇ ಬಂದಿದ್ದೆ. ನಿಮ್ಮದು ಬೀಗ!"

"ನನ್ನ ಬೀಗ ಬಿಡು, ನಿನ್ನ ಗಂಟೆ ಹೇಳು!"

"ನನ್ನ ಗಡಿಯಾರಕ್ಕೆ ಎಂತ ಆಗಿದೆ? ಸರಿಯೇ ಉಂಟಲ್ಲ!"

ಕ್ಯಾರೊಲ್ ಕೈಯೆತ್ತಿ ಕಾಣದ ಹಗ್ಗವೊಂದನ್ನು ಜಗ್ಗಿದಳು. "ಢಣ್! ಢಣ್! ಇಗರ್ಜಿಯ ಗಂಟೆ!"

"ಯಾ ಅಲ್ಲಾಹ್, ಬಾರಿಸುವ ಗಂಟೆಯಾ?"

ಕ್ಯಾರೊಲ್ ಐದಕ್ಕೆ ಹೊರಡಬೇಕಿತ್ತು. "ಖಲಾಸ್, ನನ್ನ ಮರ್ಯಾದೆ ಹೋಯ್ತು," ಎಂದು ಅವಳು ಸೋಫಾದಲ್ಲಿ ಕುಸಿಯುವಷ್ಟರಲ್ಲಿ ಆಸಿಯಾಳ ಕಡ್ಡಿ ಓಡತೊಡಗಿತ್ತು. ಸುತ್ತು ಮೇಲೆ ಸುತ್ತು, ಅಂಚಿನಲ್ಲಿ ಒಂದಿಷ್ಟು ಅಗಲ. ಹನ್ನೆರಡು ನಿಮಿಷಕ್ಕೊಂದು ಗಂಟೆ ಉದುರಿತು. ಉದುರಿದ್ದು ಹಳೆಯ ಕಾಲುಚೀಲದಂತೆ ಮುದುಡಿಕೊಂಡಿತು. ಕ್ಯಾರೊಲ್ ಎದ್ದು ಕುಚ್ಚಲಕ್ಕಿ ಗಂಜಿಯ ತಿಳಿ ಬಸಿದಳು. ಗಂಜಿಯಲ್ಲಿ ಮಿಂದ ಗಂಟೆಗಳು, ಅರಬ್ಬರ ಕಾಫಿ ಖಾವಾ ಕುಡಿಯಲು ಇಟ್ಟ ಪುಟ್ಟ ಕಪ್ಪುಗಳನ್ನು ಕವುಚಿ ಅವುಗಳ ಮೇಲೆ ಏರಿ ಕುಳಿತವು. ಜುಮಾ ಮುಗಿಸಿ, ಗೆಳೆಯರೊಡನೆ ಹರಟಿ ಬಂದ ಮೊಯ್ದಿನ್ ಕುಂಞಿಯ ಕೈಗೆ ಹೇರ್ ಡ್ರೈಯರ್ ಬಂತು. ಏನು, ಯಾಕೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಅವನು ಬಿಸಿಗಾಳಿ ಊದಿದ. ಐದಕ್ಕೆ ಹನ್ನೊಂದು ಒಣಗಿದ್ದವು. ಹನ್ನೆರಡನೆಯದು ಒದ್ದೆಯಾಗಿಯೇ ಕ್ಯಾರೊಲಳ ಕಾರಿನ ಎಸಿಗೆ ನೇತುಬಿದ್ದು ಕೂಟಕ್ಕೆ ಹೊರಟಿತು.

ಎಂಟಕ್ಕೆ ಫೋಟೊ ಬಂತು. ಮರದ ಮುಂದೆ ಕ್ಯಾರೊಲ್, ಅವಳ ಅಗಲವಾದ ಸೀರೆ ಸೆರಗು, ಆ ಸೆರಗಿನ ಹಿಂದೆ ಇಡೀ ಮರ. ಹಿಗ್ಗಿಸಿ ಹುಡುಕಿದಾಗ ಮೊಣಕೈ ಪಕ್ಕದಲ್ಲಿ ಒಂದೇ ಒಂದು ಗಂಟೆ.

"ಇಷ್ಟೇ ಕಾಣೋದು," ಎಂದಳು ಆಸಿಯಾ. ಮುಖ ಗಂಜಿ ಹಾಕುವ ಮುಂಚಿನ ಗಂಟೆಯಂತಾಗಿತ್ತು.

ಮೊಯ್ದಿನ್ ಕುಂಞಿಗೆ ತಡೆಯಲಿಲ್ಲ. ಫೋಟೊವನ್ನು ತನ್ನ ಫೋನಿಗೆ ಹಾಕಿಕೊಂಡು, ಗಂಟೆ ಕಾಣಲೆಂದು ಮುಖ ಬಿಟ್ಟು ಸೆರಗು, ಮೊಣಕೈಯಷ್ಟನ್ನೇ ಕತ್ತರಿಸಿ, ಮೊಣಕೈ ಸುತ್ತ ದಪ್ಪಗೆ ಕೆಂಪು ಗೆರೆ ಎಳೆದು, "ಇದು ಆಸಿಯಾಳದ್ದು" ಎಂದು ಬರೆದು ಕುಟುಂಬದ ಗ್ರೂಪಿಗೆ ಬಿಟ್ಟ. ಊರು ಎಚ್ಚೆತ್ತಿತು.

"ಮೊಣಕೈಗೆ ಎಂತಾಯ್ತು? ಬಿದ್ದದ್ದಾ?"

"ಎಕ್ಸ್‌ರೇ ತೆಗೆಸಿದ್ರಾ?"

"ಅಲ್ಲಾಹು ಬೇಗ ಶಿಫಾ ಕೊಡಲಿ."

"ಆಸಿಯಾ ಸೀರೆ ಉಡ್ಲಿಕ್ಕೆ ಶುರು ಮಾಡಿದ್ದು ಯಾವಾಗ?"

ಕೊನೆಗೆ ನಾದಿನಿ ನುಸೈಬಾ ಬರೆದಳು: "ಕೈ ಇರಲಿ, ಅದರ ಪಕ್ಕ ನೇತಾಡುವ ಗಂಟೆ ಎಷ್ಟು ಚೆಂದ! ಯಾರು ಮಾಡಿದ್ದು?"

ಆಸಿಯಾ ತನ್ನ ಫೋನು ಎತ್ತಿಕೊಂಡು ಒಂದೇ ಮಾತು ಒತ್ತಿದಳು: "ನಾನು."

ಮರುಗಳಿಗೆಯೇ ನುಸೈಬಾ ಕೇಳಿದಳು: "ಆ ಮುರಿದ ಕೈಯಲ್ಲೇ?"