ಸಾರ ಕೇಳಿದರೆ ಸಾರು ಬಂತು

ಇಂಗಿನ ಒಗ್ಗರಣೆಯ ಪರಿಮಳ ಯಾವ ಗಳಿಗೆಯಲ್ಲಿ ಮೂಗಿಗೆ ಬಂದರೂ ಬಾಗಿಲು ತೆರೆದು ಕರೆಯುವವನು ನಾನು. ಆದರೆ ಗೆಳೆಯರೇ, ಅಂದು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದೊಡನೆ ಅದೇ ಪರಿಮಳಕ್ಕೆ ಎದೆ ಧಸಕ್ಕೆಂದಿತು. ಹೊಸನಗರದ ಕಡೆಯ ಊರಿನಿಂದ ಅಮ್ಮ ಬೆಳಗಿನ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಕಳಿಸಿದ್ದ ಆ ಡಬ್ಬಿಯಲ್ಲಿರಬೇಕಾದದ್ದು, ದೊಡ್ಡಪತ್ರೆ ಸೊಪ್ಪನ್ನು ಬರಿ ನೀರಿನಲ್ಲಿ ಕುದಿಸಿ ಸೋಸಿದ ಸಾರ. ನಮ್ಮ ಮನೆಯಲ್ಲಿದ್ದು ಓದುತ್ತಿರುವ ಅಣ್ಣನ ಮಗಳು ಚಿತ್ರಾ, ಅಜ್ಜಿಯ ಹಿತ್ತಲಿನ ಆ ಗಿಡ ಸೂಕ್ಷ್ಮಾಣುಗಳನ್ನು ತಡೆಯುತ್ತದೆಯೆಂದು ಕಾಲೇಜಿನಲ್ಲಿ ಮರುದಿನವೇ ತೋರಿಸಬೇಕಿತ್ತು. ತಪ್ಪಿದರೆ ಅವಳ ವರ್ಷದ ಪ್ರಾಜೆಕ್ಟು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆಯೇ.

ಕನ್ನಡ ಮೇಷ್ಟ್ರಾದ ನಾನು ಫೋನಿನಲ್ಲಿ ಗತ್ತಿನಿಂದ "ಸೊಪ್ಪಿನ ಸಾರ" ಎಂದಿದ್ದೆ. ದಾರಿಯಲ್ಲೆಲ್ಲೋ ಆ ರಕಾರಕ್ಕೆ ಕೊಂಬು ಮೂಡಿತ್ತು!

"ಅಜ್ಜೀ, ಎಂತ ಹಾಕಿದೀರಿ ಇದಕ್ಕೆ?" ಚಿತ್ರಾ ಆಗಲೇ ಫೋನು ಹಿಡಿದಿದ್ದಳು.

"ಎಂತ ಇಲ್ಲ ಕಣೇ. ಉಪ್ಪು, ಹುಳಿ, ಕಾಳುಮೆಣಸು, ಇಂಗು. ಕಾಲೇಜಿನೋರೂ ಉಣ್ತಾರೇನೋ ಅಂತ ಗಿಡ ಪೂರ್ತಿ ಬೋಳಿಸಿ ಮಾಡಿದೀನಿ."

ಇನ್ನೊಮ್ಮೆ ಕೀಳಲು ಒಂದು ಎಲೆಯೂ ಉಳಿದಿರಲಿಲ್ಲ. ಹುಡುಗಿ ಅತ್ತೇಬಿಟ್ಟಳು. ನನಗೋ ಸಂಕಟದ ನಡುವೆಯೂ ನಗು. ಹೆಚ್ಚಿಟ್ಟ ಬಾಳೆಕಾಯಿ ಗಾಳಿಗೆ ಕಪ್ಪಾಗುವ ಹಾಗೆ ನಮ್ಮ ಒಡಲೊಳಗೂ ಏನೋ ಸದಾ ಮಾಸುತ್ತಿರುತ್ತದಂತೆ, ದೊಡ್ಡಪತ್ರೆ ಕ್ರಿಮಿಗಳನ್ನು ತಡೆದರೆ, ಈ ಮಾಸುವುದನ್ನು ತಡೆಯುವ ಗುಣ ನೆಲ್ಲಿಯಲ್ಲಿ, ಹುಳಿಗೆ ಹಾಕುವ ಮುರುಗಲಿನಲ್ಲಿ ಇದೆಯಂತೆ. ಇದೆಲ್ಲ ಚಿತ್ರಾ ನನಗೆ ಕಲಿಸಿದ ಪಾಠ. ನಮ್ಮ ಹೆಂಗಸರು ಈ ಗುಣಗಳನ್ನು ತಂಬುಳಿಯಲ್ಲೋ ಸಾರಿನಲ್ಲೋ ಅಡಗಿಸಿ, ಗಂಡಸರ, ಮಕ್ಕಳ ಹೊಟ್ಟೆಗೆ ಸದ್ದಿಲ್ಲದೆ ಸೇರಿಸುತ್ತ ಬಂದವರು. ಸಾರಕ್ಕೊಂದು ಸಾರು, ಸಾರಿಗೊಂದು ಸಂಸಾರ! ಬರಿ ಸೊಪ್ಪಿನ ನೀರನ್ನು ಯಾರಾದರೂ ಬೇಡಿಯಾರು ಎಂದು ಅಮ್ಮನಿಗೆ ಹೊಳೆಯುವುದಾದರೂ ಹೇಗೆ?

ಕಣ್ಣೊರೆಸಿಕೊಂಡ ಚಿತ್ರಾ ಎದ್ದಳು. "ಚಿಕ್ಕಪ್ಪ, ಇದೇ ಸಾರನ್ನ ಸೊಪ್ಪು ಹಾಕ್ದೆ ಇನ್ನೊಂದ್ಸಲ ಮಾಡಣ. ಎರಡನ್ನೂ ಇಟ್ಟು ನೋಡ್ತೀನಿ. ಅಜ್ಜಿ ಸಾರು ಹೆಚ್ಚಿಗೆ ಎಷ್ಟು ತಡೀತದೋ ಅದು ಸೊಪ್ಪಿಂದೇ ಅಲ್ವಾ?"

ಅಮ್ಮ ಫೋನಿನಲ್ಲೇ ಅಳತೆ ಹೇಳಿದರು. "ಸೊಪ್ಪಿನ ಸಾರು, ಸೊಪ್ಪಿಲ್ದೆ! ನಿಮ್ಮ ಕಾಲೇಜಿಗೆ ಬುದ್ಧಿ ಇದ್ಯಾ ಮಾರಾಯ್ತಿ?"

ಸಂಜೆಯೊಳಗೆ ಚಿತ್ರಾ ಎರಡೂ ಸಾರನ್ನು ಕಾಲೇಜಿಗೆ ಒಯ್ದು ಪರೀಕ್ಷೆಗಿಟ್ಟು ಬಂದಳು. ಮರುದಿನ ನಾನೂ ಕಾಲೇಜಿಗೆ ಹೋದೆ. ಸೂಕ್ಷ್ಮಾಣುಗಳನ್ನು ಹರಡಿದ್ದ ಗಾಜಿನ ತಟ್ಟೆಯಲ್ಲಿ, ಸೊಪ್ಪಿಲ್ಲದ ಸಾರಿನ ಹನಿಯ ಸುತ್ತ ಹೌದೋ ಅಲ್ಲವೋ ಎಂಬಷ್ಟು ತೆರವು. ಅಮ್ಮನ ಸಾರಿನ ಸುತ್ತಲೋ, ಒಂದು ಕ್ರಿಮಿಯೂ ಕಾಲಿಡದ ಅಗಲವಾದ ವೃತ್ತ. ಕುಣಿದುಬಿಡೋಣ ಅನ್ನಿಸಿತು. ಪರೀಕ್ಷಕರು ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕು, ಪಾಸು ಮಾಡಿದರು.

"ಗೆದ್ದೆ ಅಜ್ಜೀ!" ಮನೆಗೆ ಬಂದವಳೇ ಚಿತ್ರಾ ಫೋನಿನಲ್ಲಿ ಕೂಗಿದಳು.

"ಅದಿರ್ಲಿ. ನೀನು ಉಂಡ್ಯಾ ಅದನ್ನ?"

ನಮ್ಮಲ್ಲಿ ಒಬ್ಬರೂ ರುಚಿ ನೋಡಿರಲಿಲ್ಲ. ಚಿತ್ರಾ ಫ್ರಿಜ್ಜಿನಲ್ಲಿ ಉಳಿದಿದ್ದ ಅಮ್ಮನ ಸಾರನ್ನು ಕುದಿಸಿ, ಬಿಸಿ ಅನ್ನಕ್ಕೆ ಸುರಿದುಕೊಂಡಳು. ಮೊದಲ ತುತ್ತಿಗೇ ಕಣ್ಣಲ್ಲಿ ನೀರು.

"ಖಾರ," ಅಂದಳು.

ನಾನೂ ಉಂಡೆ. ಖಾರವೇನೂ ಇರಲಿಲ್ಲ.