ಕಲ್ಲಿನ ಕೆಳಗಿನ ಎರಡು ಸಾಲು

ಅವರ ಹತ್ತೂ ಬೆರಳುಗಳ ತುದಿ ಯಾವಾಗಲೂ ಬೆಳ್ಳಗಿರುತ್ತಿತ್ತು. ಬಟ್ಟೆ ಒಗೆದು ಎದ್ದವರ ಕೈ ಸುಕ್ಕುಗಟ್ಟಿರುತ್ತದಲ್ಲ, ಹಾಗೆ. ಆದರೆ ಇವರದು ಸಂಜೆಯಾದರೂ, ಹಬ್ಬದ ದಿನವಾದರೂ ಹಾಗೇ. ಕುದಿಯುವ ನೀರಿಗೆ ರೇಷ್ಮೆಗೂಡು ಹಾಕಿ, ಅದರೊಳಗೆ ಬೆರಳಾಡಿಸಿ ನೂಲಿನ ತುದಿ ಹುಡುಕುವ ಕೆಲಸವನ್ನು ಮೂವತ್ತು ವರ್ಷ ಮಾಡಿದ ಕೈ ಅದು. ಚರ್ಮ ಸುಲಿದು ಸುಲಿದು ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಬರೀ ಮಸಿಯ ಮಚ್ಚೆ ಬೀಳುತ್ತದೆ ಎಂದು ಅವರೇ ಹೇಳಿ ನಗುತ್ತಿದ್ದರು.

ಶಿಡ್ಲಘಟ್ಟದಲ್ಲಿ ಹೀಗೆ ನೂಲು ತೆಗೆಯುವ ಅವರಂಥ ರೀಲರುಗಳು ಬೀದಿಗೆ ಹತ್ತು ಜನ. ನಾನು ಅವರನ್ನು ರೀಲರ್ ಅಣ್ಣ ಎಂದೇ ಕರೆಯುತ್ತಿದ್ದೆ. ಆಗ ನಾನು ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ತೆರೆದಿದ್ದ ಬ್ರೌಸಿಂಗ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಮೂರು ಕಂಪ್ಯೂಟರ್, ಒಂದು ಪ್ರಿಂಟರ್. ಬರುವವರೆಲ್ಲ ಪರೀಕ್ಷೆಯ ಫಲಿತಾಂಶ ನೋಡುವವರು, ಇಲ್ಲವೇ ಅರ್ಜಿ ತುಂಬಿಸುವವರು. ಇವರು ಒಂದು ಮಧ್ಯಾಹ್ನ ಬಂದು ಬಾಗಿಲಲ್ಲೇ ನಿಂತು ಕೇಳಿದರು: "ಇದ್ರಲ್ಲಿ ಶಾಸನ ಓದೋರು ಸಿಗ್ತಾರಂತೆ, ಹೌದೇನಮ್ಮ?"

ಅವರು ಓದಿದ್ದು ಏಳನೇ ಕ್ಲಾಸು. ಊರಿನ ಗ್ರಂಥಾಲಯದಲ್ಲಿ ಯಾರೂ ಮುಟ್ಟದ ಶಾಸನದ ಸಂಪುಟಗಳನ್ನು ಒಂದೊಂದಾಗಿ ಮನೆಗೆ ಒಯ್ದು, ಅದರೊಳಗಿನ ಹಳೆಯ ಅಕ್ಷರಗಳ ಚಿತ್ರಗಳನ್ನು ಮಗಳ ಸ್ಲೇಟಿನ ಮೇಲೆ ತಿದ್ದಿ ತಿದ್ದಿ ಓದಲು ಕಲಿತಿದ್ದರು. ಗೂಡಿನ ಮಾರುಕಟ್ಟೆಗೆ ಹಳ್ಳಿಗಳಿಂದ ಬರುವ ರೈತರನ್ನು ಹಿಡಿದು, ನಿಮ್ಮೂರಲ್ಲಿ ಕೆತ್ತಿದ ಕಲ್ಲು ಏನಾದರೂ ಇದೆಯೇ ಎಂದು ವಿಚಾರಿಸುತ್ತಿದ್ದರು. ಇದೆ ಎಂದರೆ ರಜೆಯ ದಿನ ಸೈಕಲ್ಲೋ ಬಸ್ಸೋ ಹಿಡಿದು ಹೊರಟುಬಿಡುತ್ತಿದ್ದರು.

ಇಂಟರ್ನೆಟ್ಟಿನಲ್ಲಿ ಹುಡುಕಿದಾಗ, ಯಾರು ಬೇಕಾದರೂ ಓದಬಹುದಾದ ಇತಿಹಾಸದ ಒಂದು ಗುಂಪು ಸಿಕ್ಕಿತು. ಅದರಲ್ಲಿ ಯಾರೂ ಇತಿಹಾಸವನ್ನು ಕಸುಬು ಮಾಡಿಕೊಂಡವರಲ್ಲ. ಬೆಂಗಳೂರಿನ ಎಂಜಿನಿಯರು, ಬ್ಯಾಂಕಿನಿಂದ ನಿವೃತ್ತರಾದವರು, ದೂರದ ದೇಶದಲ್ಲಿದ್ದ ಒಬ್ಬ ಡಾಕ್ಟರು. ಒಬ್ಬರು ಒಂದು ಕಾಗದ ಹಾಕಿದರೆ ಉಳಿದವರೆಲ್ಲ ಅದರ ಕೆಳಗೆ ಜಗಳವಾಡುತ್ತಿದ್ದರು. ಅವರ ಇಂಗ್ಲಿಷನ್ನು ನಾನು ಓದಿ ಹೇಳುವುದು, ಅಣ್ಣ ಹೇಳಿದ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಅವರ ಹೆಸರು ಹಾಕಿ ಕಳಿಸುವುದು. ಹೀಗೆ ಮೂರು ವರ್ಷ ನಡೆಯಿತು. ಅವರು ಒಮ್ಮೆಯೂ ಕೀಲಿಮಣೆ ಮುಟ್ಟಲಿಲ್ಲ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಗುರುಗಳ ಮುಂದೆ ಕೂತವರ ಹಾಗೆ ಕೂರುತ್ತಿದ್ದರು.

ಬೆಂದ ಹುಳುವಿನ ವಾಸನೆ ಅವರ ಬಟ್ಟೆಗೆ ಅಂಟಿರುತ್ತಿತ್ತು. ಪಕ್ಕದವರು ಮೂಗು ಮುರಿಯುತ್ತಾರೆಂದು ನಾನು ಒಂದು ದಿನ ಊದಿನಕಡ್ಡಿ ಹಚ್ಚಿಟ್ಟೆ. ಅವರು ಅದನ್ನು ನೋಡಿದರು. ಮಾರನೆಯ ದಿನದಿಂದ ಕೈಗೆ ನಿಂಬೆಹಣ್ಣು ಉಜ್ಜಿ, ಒಗೆದ ಶರ್ಟು ಹಾಕಿಕೊಂಡು ಬರತೊಡಗಿದರು. ಸುಲಿದ ಬೆರಳಿಗೆ ನಿಂಬೆ ಎಷ್ಟು ಉರಿಯುತ್ತದೆ ಎಂಬುದು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ.

ಗುಂಪಿನಲ್ಲಿ ಒಬ್ಬರಿದ್ದರು. ಯಾರು ಏನೇ ಬರೆಯಲಿ, ಆಧಾರ ಎಲ್ಲಿ, ಫೋಟೋ ಎಲ್ಲಿ ಎಂದು ಕೇಳುವವರು. ಅಣ್ಣ ಅವರಿಗೆ ಸಾಕ್ಷಿ ಸಾಹೇಬರು ಎಂದು ಹೆಸರಿಟ್ಟಿದ್ದರು. ಬಂದ ಕೂಡಲೇ, "ಏನಂತಾರಮ್ಮ ನಮ್ ಸಾಕ್ಷಿ ಸಾಹೇಬ್ರು?" ಎಂದು ಕೇಳುವರು. ಆ ಮನುಷ್ಯನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಕೇಳಲಿ ಬಿಡು, ಕೇಳುವವರಿಲ್ಲದಿದ್ದರೆ ನಾನೂ ಬಾಯಿಗೆ ಬಂದದ್ದು ಹೇಳಿಬಿಡುತ್ತೇನೆ ಎನ್ನುತ್ತಿದ್ದರು. ಸಿಟ್ಟು ಇದ್ದದ್ದು ನನಗೆ.

ಮೂರನೆಯ ವರ್ಷ ಅವರಿಗೆ ಆ ಕಲ್ಲು ಸಿಕ್ಕಿತು. ಚಿಂತಾಮಣಿ ಕಡೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಒಂದು ಹಳ್ಳಿಯಲ್ಲಿ. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದದ್ದೇ ಸಾಕಾಗಿದೆ.

ದನಗಳನ್ನು ಬಿಡಿಸಿಕೊಂಡು ಬರುವಾಗ ಸತ್ತ ಒಬ್ಬನ ವೀರಗಲ್ಲು ಅದು. ಅಂಥವು ನಮ್ಮ ಕಡೆ ಬೇಕಾದಷ್ಟಿವೆ. ಆದರೆ ಇದರ ಬರಹದ ಕೊನೆಯಲ್ಲಿ ಕಲ್ಲು ನೆಡಿಸಿದವಳು ಸತ್ತವನ ತಂಗಿ ಎಂದು ಇತ್ತು. ತಂಗಿಯ ಹೆಸರು ಮುಂದಿನ ಸಾಲಿನಲ್ಲಿ. ಅಲ್ಲಿಗೆ ಮಣ್ಣು. ಕೆಳಗೆ ಇನ್ನೂ ಎರಡು ಸಾಲು ಹೂತಿದೆ ಎಂದು ಅಣ್ಣನ ಅಂದಾಜು. ಒಂದು ಮೊಳ ಅಗೆದರೆ ಆ ಹೆಸರು ಸಿಗುತ್ತಿತ್ತು.

ಕಲ್ಲು ನಿಂತಿದ್ದದ್ದು ಒಬ್ಬ ಅಜ್ಜಿಯ ರಾಗಿ ಹೊಲದ ನಡುವೆ. ನಾನೂ ಒಮ್ಮೆ ಅಣ್ಣ ಮತ್ತು ಅವರ ಹೆಂಡತಿಯ ಜೊತೆ ಅಲ್ಲಿಗೆ ಹೋಗಿದ್ದೆ. ಸ್ಟುಡಿಯೋದವರಿಂದ ಕ್ಯಾಮೆರಾ ಬೇಡಿ ತಂದಿದ್ದೆವು. ಬೆಳಗಿನ ಓರೆ ಬಿಸಿಲಿನಲ್ಲಿ ಮಾತ್ರ ಅಕ್ಷರ ಕಾಣುತ್ತದೆ, ನಮ್ಮ ಬಸ್ಸು ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಫೋಟೋದಲ್ಲಿ ಕಲ್ಲಿನ ಮೇಲ್ಭಾಗದಲ್ಲಿ ಕೆತ್ತಿದ್ದ ದನಗಳು ಬಂದವು, ಬರಹ ಬರಲಿಲ್ಲ.

ಅಜ್ಜಿ ಬದುವಿನ ಮೇಲೆ ಕೂತು, "ಏಮಪ್ಪಾ ರೀಲರೂ, ಏನಂತದೆ ಕಲ್ಲು ಇವತ್ತು?" ಎಂದು ಕೇಳಿದಳು.

"ಅದು ಹೇಳಾಕೆ ನಿನ್ ರಾಗಿ ಬಿಟ್ರೆ ತಾನೇ ಅಜ್ಜಿ."

"ತೆನೆ ಕಟ್ಟಿದೆ, ಅಗೆದು ತುಳಿಯಾಕೆ ಬಿಡ್ತೀನಾ? ಕೊಯ್ಲಾಗ್ಲಿ, ಆಮ್ಯಾಕೆ ಬಾ. ನಾನೇ ಗುದ್ದಲಿ ಕೊಡ್ತೀನಿ."

ಅಣ್ಣ ಒಪ್ಪಿಕೊಂಡರು. ಅವರಿಗೆ ಕಾಯುವುದು ಕಷ್ಟವಾಗಿರಲಿಲ್ಲ. ನೂಲಿನ ತುದಿ ಸಿಗುವ ಮೊದಲು ಎಳೆದರೆ ಗೂಡೇ ಕೆಡುತ್ತದೆ ಎಂದು ಹೆಂಡತಿಗೆ ದಿನಕ್ಕೆ ಹತ್ತು ಸಲ ಹೇಳುವವರು ಅವರು. ಆಮೇಲೆ ನನಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಕಲ್ಲಿನ ಮೇಲೆ ಬೆರಳಿಡಿಸಿದರು. "ಕಣ್ಣು ಸುಳ್ಳು ಹೇಳ್ತದೆ ಕಣಮ್ಮ. ನಿಧಾನಕ್ಕೆ ಹೋಗು." ಮೊದಲು ಒರಟು ಬಿಟ್ಟರೆ ಏನೂ ತಿಳಿಯಲಿಲ್ಲ. ಆಮೇಲೆ ಒಂದು ಕಡೆ ಬೆರಳು ತಾನಾಗಿ ಒಳಕ್ಕೆ ಇಳಿದು, ಬಾಗಿ, ಮೇಲಕ್ಕೆ ಬಂತು. "ಗ" ಅಂದರು ಅವರು. ಸಾವಿರ ವರ್ಷದ ಹಿಂದೆ ಯಾರೋ ಕೊರೆದ ಅಕ್ಷರ. ಅವರ ಹೆಂಡತಿ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಾ, "ಸಾಕು ಬನ್ರಿ, ಆ ಹುಡುಗಿಗೂ ಹುಚ್ಚು ಹಿಡಿಸ್ಬೇಡಿ" ಎಂದರು.

ನಾವು ಬರೆದು ಕಳಿಸಿದೆವು. ತಂಗಿ ಅಣ್ಣನಿಗೆ ಕಲ್ಲು ನೆಡಿಸುವುದೆಂದರೇನು, ಓದುವುದರಲ್ಲಿ ತಪ್ಪಾಗಿದೆ ಎಂದು ಗುಂಪಿನಲ್ಲಿ ಹಲವರು ಅಂದರು. ಬೆರಳಿನಿಂದ ಓದಿದ್ದೇನೆ ಎಂದು ಅಣ್ಣ ಇದ್ದದ್ದನ್ನು ಇದ್ದ ಹಾಗೆ ಬರೆಸಿದರು. ಸಾಕ್ಷಿ ಸಾಹೇಬರು ಅದನ್ನೇ ಹಿಡಿದುಕೊಂಡರು. ಬೆರಳಿನಿಂದ ಓದುವ ಪಂಡಿತರನ್ನು ಇದೇ ಮೊದಲು ನೋಡುತ್ತಿರುವುದು, ಮುಂದಿನ ಸಲ ಮೂಸಿ ನೋಡಿ ಕಲ್ಲಿನ ಕಾಲ ಹೇಳುತ್ತಾರೇನೋ ಎಂದು ಬರೆದರು. ಕೊನೆಗೆ, ಕಲ್ಲು ನಿಜವಾಗಿ ಇದ್ದರೆ ಜಾಗ ತಿಳಿಸಲಿ ಎಂದಿದ್ದರು. ಅದರ ಕೆಳಗೆ ಉಳಿದವರು ನಗುವಿನ ಗುರುತು ಹಾಕಿದ್ದರು.

ಮೂಸುವ ಮಾತನ್ನು ನಾನು ಅಣ್ಣನಿಗೆ ಓದಿ ಹೇಳಲಿಲ್ಲ. ಜಾಗ ಕೇಳುತ್ತಿದ್ದಾರೆ ಎಂದಷ್ಟೇ ಹೇಳಿದೆ.

"ಜಾಗ ಬೇಡಮ್ಮ ಈಗ," ಎಂದರು. "ನಿಧಿ ಅಗೆಯೋರ ಕಣ್ಣಿಗೆ ಬಿದ್ರೆ ಮುಗೀತು. ಕೊಯ್ಲಾಗ್ಲಿ, ಹೆಸರು ಓದ್ಬಿಟ್ಟು ಎಲ್ಲಾ ಹೇಳಣ."

ಅವರು ಎದ್ದು ಹೋದರು. ನಾನು ಸಾಕ್ಷಿ ಸಾಹೇಬರ ಕಾಗದವನ್ನು ಇನ್ನೊಮ್ಮೆ ಓದಿದೆ. ನಿಂಬೆಹಣ್ಣು ಉಜ್ಜಿದ ಆ ಕೈಗಳು ಕಣ್ಣ ಮುಂದೆ ಬಂದವು. ಊರಿನ ಹೆಸರು ಬರೆದೆ. ಕೆರೆಯ ತೂಬಿನಿಂದ ಎಷ್ಟನೆಯ ಹೊಲ, ಯಾವ ಹೊಂಗೆಮರದ ಪಕ್ಕ ಎಲ್ಲವನ್ನೂ ಬರೆದೆ. ಕೆಳಗೆ ಎಂದಿನಂತೆ ಅಣ್ಣನ ಹೆಸರು ಹಾಕಿ ಕಳಿಸಿದೆ. ಅಪಾಯ ತಿಳಿಯದೆ ಮಾಡಿದೆ ಎಂದು ಹೇಳುವ ಹಾಗಿಲ್ಲ. ಹತ್ತು ನಿಮಿಷದ ಹಿಂದೆ ಅವರೇ ಅದನ್ನು ನನಗೆ ಹೇಳಿ ಹೋಗಿದ್ದರು.

ಎರಡು ವಾರದ ಮೇಲೆ ಒಂದು ಕಾರಿನಲ್ಲಿ ಮೂವರು ಆ ಹಳ್ಳಿಗೆ ಬಂದರಂತೆ. ಕೈಯಲ್ಲಿ ಗುಂಪಿನಿಂದ ಅಚ್ಚು ಮಾಡಿಕೊಂಡ ಕಾಗದ. ಅಣ್ಣನ ಹೆಸರು ಹೇಳಿ, ಅವರೇ ಕಳಿಸಿದ್ದು, ಕಲ್ಲು ನೋಡಬೇಕು ಎಂದರಂತೆ. ಅಣ್ಣನ ಹೆಸರು ಹೇಳಿದ್ದರಿಂದ ಅಜ್ಜಿ ತಾನೇ ಕರೆದುಕೊಂಡು ಹೋಗಿ ತೋರಿಸಿದಳು, ಮಜ್ಜಿಗೆಯನ್ನೂ ಕೊಟ್ಟಳು. ಅದಾದ ಮೂರನೆಯ ಬೆಳಿಗ್ಗೆ ಹೊಲಕ್ಕೆ ಹೋದರೆ ರಾಗಿ ನೆಲಸಮವಾಗಿತ್ತು. ಆಳುದ್ದದ ಗುಂಡಿ. ಕಲ್ಲು ಕಿತ್ತು ಸುತ್ತಿಗೆಯಿಂದ ಒಡೆದಿದ್ದರು. ಒಳಗೆ ಏನಾದರೂ ಇರಬಹುದೆಂದು ಕೆಳಗಿನ ಭಾಗವನ್ನೇ ಹೆಚ್ಚು ಪುಡಿ ಮಾಡಿದ್ದರು.

ಸುದ್ದಿ ತಿಳಿದು ಅಣ್ಣ ಓಡಿಹೋದರು. ಕಾರಿನವರು ಬಂದದ್ದು, ಕಾಗದ, ಎಲ್ಲವೂ ಅವರಿಗೆ ತಿಳಿದದ್ದು ಅಲ್ಲಿಯೇ. ಚೂರುಗಳನ್ನಾದರೂ ಆರಿಸಿಕೊಳ್ಳುತ್ತೇನೆ ಎಂದರೆ ಊರಿನವರು ಹೊಲಕ್ಕೆ ಕಾಲಿಡಲು ಬಿಡಲಿಲ್ಲ. ದುಡ್ಡು ತಿಂದು ಕಲ್ಲು ಮಾರಿದ ಎಂದರು. ಅಜ್ಜಿ ಮುಖ ತಿರುಗಿಸಿಕೊಂಡು ಕೂತಿದ್ದಳು.

ಅಲ್ಲಿಂದ ಅವರು ನೇರವಾಗಿ ನನ್ನ ಹತ್ತಿರ ಬಂದು, ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಹೇಳಿದರು. ನಾನೇ ಬರೆದದ್ದು ಅಣ್ಣ ಎಂದೆ. ಅವರು ಅದನ್ನು ಪ್ರಿಂಟ್ ತೆಗೆದುಕೊಡು ಎಂದರು. ಕೊಟ್ಟೆ. ಇಂಗ್ಲಿಷ್ ಅಕ್ಷರಗಳನ್ನು ಬೆರಳಿಟ್ಟು ಒಂದೊಂದಾಗಿ ಕೂಡಿಸಿಕೊಂಡು ಓದಿದರು. ತೂಬು, ಹೊಂಗೆಮರ, ಬದು.

"ಸರಿಯಾಗೇ ಬರ್ದಿದ್ದೀಯಮ್ಮ," ಎಂದರು. ಅದರಲ್ಲಿ ಚುಚ್ಚುಮಾತು ಇರಲಿಲ್ಲ.

ನಾನು ಬಂದು ಊರಿನವರಿಗೆ ಹೇಳುತ್ತೇನೆ, ನನ್ನ ತಪ್ಪು ಎಂದು ಒಪ್ಪಿಕೊಳ್ಳುತ್ತೇನೆ ಎಂದು ಅತ್ತೆ.

"ನೀನು ಬರ್ಬೇಡ. ಮದುವೆ ಆಗ್ಬೇಕಾದ ಹುಡುಗಿ, ನಿನ್ ಹೆಸರು ಹತ್ತೂರಲ್ಲಿ ಆಡೋದು ಬೇಡ. ಅದ್ರಲ್ಲಿ ಇರೋದು ನನ್ ಹೆಸರು ತಾನೇ. ಇರ್ಲಿ ಬಿಡು."

ಆಗ ನನಗೆ ಸಮಾಧಾನವಾಯಿತು. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಅವರು ಹಾಗೆಂದಾಗ ನನಗೆ ಆದದ್ದು ಸಮಾಧಾನವೇ.

ಕಲ್ಲು ಒಡೆದುಹೋಯಿತು ಎಂದು ಗುಂಪಿಗೆ ತಿಳಿಸಿದೆವು. ಕೆಲವರು ಮರುಗಿದರು. ಜಾಗವನ್ನು ಹಾಗೆ ಬಯಲಿಗೆ ಹಾಕುವುದು ಎಂಥ ಬೇಜವಾಬ್ದಾರಿ ಎಂದು ಅಣ್ಣನನ್ನು ಬೈದವರೂ ಇದ್ದರು. ಸಾಕ್ಷಿ ಸಾಹೇಬರು, ಕಲ್ಲೂ ಇಲ್ಲ, ಫೋಟೋದಲ್ಲಿ ಬರಹವೂ ಇಲ್ಲ, ಹಾಗಾದರೆ ತಂಗಿಯ ಕಥೆ ಇಲ್ಲಿಗೆ ಮುಗಿಯಿತು ಎಂದು ಬರೆದರು. ಇದನ್ನು ನಾನು ಅಣ್ಣನಿಗೆ ಓದಿ ಹೇಳಿದೆ. ಅವರು ತಲೆಯಾಡಿಸಿದರು. ಮಾರನೆಯ ದಿನ ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ದಾರಿಯಲ್ಲಿ ಕಂಡಾಗ ಚೆನ್ನಾಗಿದ್ದೀಯೇನಮ್ಮ ಎಂದು ಕೇಳುವರು. ಶಾಸನದ ಮಾತು ಎತ್ತುತ್ತಿರಲಿಲ್ಲ. ಮಾರುಕಟ್ಟೆಯಲ್ಲಿ ಆ ಕಡೆಯ ರೈತರು ಅವರನ್ನು ಕಂಡರೆ, ಕಲ್ಲು ಮಾರಿದವನು ಬಂದ, ಗೂಡು ಜೋಪಾನ ಎನ್ನುತ್ತಿದ್ದರಂತೆ. ನನಗೆ ಮದುವೆಯಾಯಿತು, ಗೌರಿಬಿದನೂರಿಗೆ ಹೋದೆ. ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಹಬೆ ಕುಡಿದು ಕುಡಿದು ಎದೆ ಹಾಳಾಗಿತ್ತು, ಕೆಲಸ ಬಿಟ್ಟು ತಿಂಗಳುಗಳಾಗಿದ್ದವು, ಊಟವನ್ನೂ ಬಿಟ್ಟಿದ್ದರು ಎಂದರು. ನಾನು ಹೋದಾಗ ಅಂಗಳದಲ್ಲಿ ಮಲಗಿಸಿದ್ದರು. ಕೈಗಳು ಎದೆಯ ಮೇಲಿದ್ದವು. ಬೆರಳಿನ ತುದಿಗಳು ಒಣಗಿ, ಚರ್ಮ ಕೂಡಿಕೊಂಡು, ಎಲ್ಲರ ಬೆರಳಿನ ಹಾಗೆ ಆಗಿದ್ದವು. ಅವರ ಹೆಂಡತಿ ನನ್ನ ಪಕ್ಕ ಬಂದು, "ಆ ತಂಗಿ ಹೆಸರು ಏನಿತ್ತೋ ಅಂತ ಜ್ವರದಲ್ಲೂ ಕೇಳೋರು ಕಣಮ್ಮ," ಎಂದರು. ನಾನು ಏನು ಮಾಡಿದವಳು ಎಂಬುದನ್ನು ಅಣ್ಣ ಅವರಿಗೂ ಹೇಳಿರಲಿಲ್ಲ.

ಆ ಗುಂಪು ಈಗ ಇಲ್ಲ. ಅದರಲ್ಲಿ ನಾವು ಮೂರು ವರ್ಷ ಬರೆದದ್ದೂ ಅದರ ಜೊತೆಗೇ ಹೋಯಿತು.

ಹೋದ ವರ್ಷ ನಾನು ಒಬ್ಬಳೇ ಆ ಹಳ್ಳಿಗೆ ಹೋದೆ. ಅಜ್ಜಿ ಸತ್ತು ಬಹಳ ದಿನವಾಗಿತ್ತು. ಮಗ ಹೊಲದಲ್ಲಿ ಪೈಪು ಜೋಡಿಸುತ್ತಿದ್ದ. ಜಾಗ ಬರೆದದ್ದು ರೀಲರ್ ಅಣ್ಣ ಅಲ್ಲ, ನಾನು, ಅವರು ಬೇಡವೆಂದಿದ್ದರು ಎಂದು ಎಲ್ಲವನ್ನೂ ಹೇಳಿದೆ. ಆತ ಕೆಲಸ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಹಂಗಾರೆ ನಿಮ್ಗೆ ಎಷ್ಟು ಕೊಟ್ರು?" ಎಂದು ಕೇಳಿದ.

ಯಾರೂ ಏನೂ ಕೊಡಲಿಲ್ಲ ಎಂದೆ.

"ಆವಯ್ಯನೂ ಇದೇ ಅಂದಿದ್ದ," ಎಂದು ಮತ್ತೆ ಪೈಪಿನ ಕಡೆ ಬಗ್ಗಿದ.

ಪಂಪಿನ ಮನೆಯ ಮುಂದೆ ಬಟ್ಟೆ ಒಗೆಯಲು ಹಾಕಿದ್ದ ಕಲ್ಲಿನ ಅಂಚಿನಲ್ಲಿ ಕೆತ್ತಿದ ಒಂದು ದನದ ಕಾಲು ಕಾಣುತ್ತಿತ್ತು. ನಾನು ಕೂತು, ಕಣ್ಣು ಮುಚ್ಚಿ, ಅವರು ಹೇಳಿಕೊಟ್ಟ ಹಾಗೆ ನಿಧಾನವಾಗಿ ಬೆರಳಾಡಿಸಿದೆ. ಎಲ್ಲಿಯೂ ಬೆರಳು ಇಳಿಯಲಿಲ್ಲ. ಕಲ್ಲು ಬಿಸಿಲಿಗೆ ಕಾದಿತ್ತು, ಅಷ್ಟೇ.