ಇಸಾಮುವಿನ ಹೊಟ್ಟೆನೋವು

ಉವಾಜಿಮಾ ಬಂದರಿನಲ್ಲಿ ಹ್ಯೋಡೋ ಇಸಾಮುವಿಗಿಂತ ಮೊದಲು ಗಾಲ್ಫ್ ಆಡಿ ಹೊಟ್ಟೆ ಹೊರೆದವರು ಯಾರೂ ಇರಲಿಲ್ಲ. ತಾಯಿ ಇಲ್ಲದ ಹುಡುಗನನ್ನು ಸಾಕಿದವಳು ಅಜ್ಜಿ ಶಿಗೆ. ಮೀನಿನ ವಡೆ ಕರಿದು ಅಂಗಡಿ ಬೀದಿಯಲ್ಲಿ ಮಾರುತ್ತಿದ್ದಳು. ಹೈಸ್ಕೂಲು ಮುಗಿದದ್ದೇ ಇಸಾಮು ಒಂದು ಗಾಲ್ಫ್ ಮೈದಾನದಲ್ಲಿ ಕಲಿಯಲು ಸೇರಿಕೊಂಡ. ಬೆಳಗ್ಗೆ ಹುಲ್ಲು ಕತ್ತರಿಸುವುದು, ಮಧ್ಯಾಹ್ನ ಗಿರಾಕಿಗಳ ಬ್ಯಾಗು ಹೊರುವುದು, ಸಂಜೆ ಬೆಳಕಿರುವಷ್ಟು ಹೊತ್ತು ಚೆಂಡು ಹೊಡೆಯುವುದು. ವೃತ್ತಿ ಆಟಗಾರನಾಗಲು ಬರೆಯುವ ಪ್ರೊ ಪರೀಕ್ಷೆಯಲ್ಲಿ ವರ್ಷವರ್ಷವೂ ಡುಮ್ಕಿ ಹೊಡೆದ. ಜೊತೆಗೆ ಕಲಿತವರೆಲ್ಲ ಬೇರೆ ದಾರಿ ನೋಡಿಕೊಂಡ ಮೇಲೆ ಇವನು ಪಾಸಾದ. ಕ್ಷೌರದಂಗಡಿಯ ಓಚಿ ರೈಲು ನಿಲ್ದಾಣದ ಮುಂದೆ ಬ್ಯಾನರ್ ಕಟ್ಟಿಸಿದ.

ಆ ಶರತ್ಕಾಲದಲ್ಲಿ ಪಕ್ಕದ ಕೊಚಿ ಪ್ರಾಂತ್ಯದಲ್ಲಿ ದೊಡ್ಡ ಪಂದ್ಯವೊಂದು ನಡೆಯಿತು. ಮೊದಲ ದಿನ ಇಸಾಮು ಚೆನ್ನಾಗಿಯೇ ಆಡಿದ. ಎರಡನೆಯ ದಿನವೂ ಹೀಗೇ ಆಡಿದರೆ ಕೊನೆಯ ಸುತ್ತುಗಳಿಗೆ ಜಾಗ ಸಿಗುತ್ತಿತ್ತು. ಸುದ್ದಿ ಕೇಳಿದ ಓಚಿ ಸಂಜೆಯೇ ಮನೆಮನೆ ತಿರುಗಿ ಬಸ್ಸು ಗೊತ್ತುಮಾಡಿದ.

ಮರುದಿನ ಮೊದಲ ಹೊಡೆತಕ್ಕೆ ನಿಂತು ತಲೆ ಎತ್ತಿದರೆ ಇಡೀ ಅಂಗಡಿ ಬೀದಿ ಎದುರಿಗಿತ್ತು. ಮೀನಂಗಡಿಯವರು, ಅಕ್ಕಿ ಅಂಗಡಿಯವರು, ಕೈಯಲ್ಲಿ ಸಣ್ಣ ಸಣ್ಣ ಬಾವುಟ. ಎಲ್ಲರ ಮುಂದೆ ಅಜ್ಜಿ, ಮದುವೆಗೆ ಉಡುವ ಕಿಮೋನೊ ಉಟ್ಟು ನಿಂತಿದ್ದಳು. ಇಸಾಮು ಹೊಡೆದ. ಚೆಂಡು ಕಾಡಿಗೆ ಹೋಯಿತು. ಇನ್ನೊಂದು ಇಟ್ಟು ಹೊಡೆದ. ಅದೂ ಕಾಡಿಗೆ ಹೋಯಿತು.

"ಪರವಾಗಿಲ್ಲ ಬಿಡು, ಇನ್ನೂ ಶುರು," ಎಂದು ಓಚಿ ಕೂಗಿದ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಪ್ರತಿ ಕುಳಿಯಲ್ಲೂ ಚಪ್ಪಾಳೆ ತಟ್ಟಿದರು. ಮಕ್ಕಳೂ ತಳ್ಳಬಹುದಾದಷ್ಟು ಹತ್ತಿರದ ಚೆಂಡು ಕುಳಿಗೆ ಬೀಳದೆ ಹೋದಾಗಲೂ ತಟ್ಟಿದರು. ಪ್ರೊಗಳು ಎಪ್ಪತ್ತರ ಆಸುಪಾಸಿನಲ್ಲಿ ಮುಗಿಸುವ ಆಟ ಮುಗಿದಾಗ ಇವನ ಹೊಡೆತಗಳ ಎಣಿಕೆ ತೊಂಬತ್ತರ ಹತ್ತಿರವಿತ್ತು. ಬಿಡುವಿನಲ್ಲಿ ಆಡುವ ಓಚಿಯೂ ತನ್ನ ಒಳ್ಳೆಯ ದಿನದಲ್ಲಿ ಅಷ್ಟಕ್ಕೆ ಮುಗಿಸುತ್ತಿದ್ದ.

ಕ್ಲಬ್ಬಿನ ಮುಂಬಾಗಿಲಲ್ಲಿ ಊರವರು ಕಾಯುತ್ತಿದ್ದಾರೆಂದು ಯಾರೋ ಬಂದು ಹೇಳಿದರು. ಈಗ ಬಂದೆ ಎಂದವನು ಷೂ ಕೈಯಲ್ಲಿ ಹಿಡಿದು ಅಡುಗೆಮನೆಯ ಕಡೆಯಿಂದ ಹೊರಬಿದ್ದ. ತರಕಾರಿ ಗಾಡಿ ಬರುವ ದಾರಿ ಹಿಡಿದು ಹಿಂದಿನ ಗೇಟು ದಾಟಿ, ಸಿಕ್ಕ ರೈಲು ಹತ್ತಿದ.

ವಾರ ಕಳೆದ ಮೇಲೆ ಅಜ್ಜಿಗೆ ಫೋನು ಮಾಡಿದ. "ಊಟ ಆಯ್ತೇನೋ?" ಎಂದಳು. ಅವತ್ತಿನ ಮಾತು ಅವಳು ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಮುಂದಿನ ವರ್ಷ ದೊಡ್ಡ ಪಂದ್ಯಗಳಲ್ಲಿ ಆಡುವ ಅರ್ಹತೆ ಕೈತಪ್ಪಿತು. ಒಸಾಕಾದಲ್ಲಿ ಬಲೆ ಕಟ್ಟಿದ ಅಭ್ಯಾಸದ ಮೈದಾನವೊಂದರಲ್ಲಿ ಆಫೀಸು ಜನಕ್ಕೆ ಆಟ ಕಲಿಸುತ್ತ ಕಾಲ ಹಾಕಿದ. ಊರಿಗೆ ಹೊಸ ವರ್ಷದ ಕಾರ್ಡು ಹೋಗುತ್ತಿತ್ತು, ಅವನು ಹೋಗುತ್ತಿರಲಿಲ್ಲ.

ಕೊನೆಗೊಮ್ಮೆ ಓಚಿಯೇ ಫೋನು ಮಾಡಿದ. "ಅಜ್ಜಿಗೆ ಎಂಬತ್ತೆಂಟು ತುಂಬ್ತು ಕಣೋ. ಬೀದಿಯವರೆಲ್ಲ ಸೇರಿ ಊಟ ಇಟ್ಕೊಂಡಿದೀವಿ. ಬರ್ತೀಯೋ, ನಾನೇ ಬಂದು ಕತ್ತು ಹಿಡಿದು ಎಳ್ಕೊಂಡು ಬರ್ಲೋ?"

ಇಸಾಮು ನೆಲ ನೋಡುತ್ತಲೇ ಸಭಾಂಗಣದೊಳಗೆ ಹೋದ. ಅಜ್ಜಿ ಹಳದಿ ರೇಷ್ಮೆಯ ಮೇಲಂಗಿ ತೊಟ್ಟು ನಡುವೆ ಕೂತಿದ್ದಳು. ಎಲ್ಲರ ಮುಂದೆ ಹಸಿ ಮೀನಿನ ಹೋಳು, ಮೀನನ್ನ. ಇವನ ಮುಂದೆ ಮಾತ್ರ ಒಂದು ಬಟ್ಟಲು ಗಂಜಿ, ಮೇಲೊಂದು ಉಪ್ಪಿನ ಪ್ಲಮ್.

"ಹೊಟ್ಟೆ ಈಗ ಹೇಗಿದೆ, ಪ್ರೊ?" ಮೀನಂಗಡಿಯ ಹೆಂಗಸು ಅಕ್ಕರೆಯಿಂದ ಕೇಳಿದಳು.

"ಹೊಟ್ಟೆಯಾ?"

"ಇನ್ನೂ ಸೂಕ್ಷ್ಮಾನೇ," ಎಂದು ಅಜ್ಜಿ ಉತ್ತರಿಸಿದಳು. "ಕೊಚಿಯಲ್ಲಿ ಡಾಕ್ಟರ ಹತ್ರ ಎತ್ಕೊಂಡು ಹೋದ್ರಲ್ಲ, ಆವತ್ತಿಂದ ಹಾಗೇ."

ಇಸಾಮುವಿಗೆ ಅರ್ಥವಾಯಿತು. ಸುಳ್ಳನ್ನೇ ಆಡದವಳು ಇವನಿಗಾಗಿ ಸುಳ್ಳಾಡಿದ್ದಳು, ಇಷ್ಟು ವರ್ಷ ಅದನ್ನು ಸಾಕಿದ್ದಳು. ಕಿವಿ ಕೆಂಪಾಗಿ, ಒಂದು ಚಮಚ ಗಂಜಿ ನುಂಗಿ, ಸಿಗರೇಟಿನ ನೆಪ ಹೇಳಿ ಹೊರಗೆ ಬಂದ. ಓಚಿ ಹಿಂದೆಯೇ ಬಂದ.

"ಓಚಿ ಮಾವ, ಅವತ್ತು ನನಗೆ ಯಾವ ಹೊಟ್ಟೆನೋವೂ ಇರ್ಲಿಲ್ಲ."

"ಗೊತ್ತು. ಷೂ ಕೈಲಿ ಹಿಡ್ಕೊಂಡು ಓಡ್ತಿದ್ದೆಯಂತೆ. ನಮ್ಮ ಬಸ್ ಡ್ರೈವರೇ ನೋಡಿದ್ದ."

"ಎಲ್ರಿಗೂ ಗೊತ್ತಾ?"

"ಬೀದಿ ನಾಯಿಗೂ ಗೊತ್ತು. ಆ ಮುದುಕಮ್ಮನ ಮುಂದೆ ಹೇಳೋರು ಯಾರು?" ಓಚಿ ದನಿ ತಗ್ಗಿಸಿ ಹೇಳಿದ: "ನೀನು ಕೆಟ್ಟದಾಗಿ ಆಡಿದೆ, ಅದಕ್ಕೆ ಯಾರಿಗೂ ಬೇಜಾರಿಲ್ಲ. ಅಜ್ಜಿ ಆ ಬಾಗಿಲ ಹತ್ರ ನಿಂತೇ ಇದ್ರು. ಕುರ್ಚಿ ತಂದ್ಕೊಟ್ರೂ ಕೂರ್ಲಿಲ್ಲ. ಹುಡುಗ ಬಂದಾಗ ಕೂತಿದ್ರೆ ಚೆನ್ನಾಗಿರಲ್ಲ ಅಂದ್ರು. ಅದನ್ನ ನೋಡಿ ನಿನ್ನ ಕೆನ್ನೆಗೆ ಬಾರಿಸ್ಬೇಕು ಅನ್ನಿಸಿತ್ತು."

ಇಸಾಮು ಒಳಗೆ ಹೋಗಿ ಅಜ್ಜಿಯ ಮುಂದೆ ಮಂಡಿಯೂರಿ ಹಣೆಯನ್ನು ಚಾಪೆಗೆ ಹಚ್ಚಿದ.

"ಅವತ್ತು ನನಗೆ ನೋವೂ ಇರ್ಲಿಲ್ಲ, ಏನೂ ಇರ್ಲಿಲ್ಲ. ನಾಚಿಕೆಯಾಗಿ ಓಡಿಹೋದೆ. ಕ್ಷಮಿಸಿ."

ಅಜ್ಜಿಯ ಮುಖ ಬಿಳಿಚಿತು. ಕೈಯಲ್ಲಿದ್ದ ಚಹಾದ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟು ಎಲ್ಲರ ಕಡೆ ನೋಡಿದಳು.

"ನೋಡಿದ್ರಾ? ನೋವಿನಲ್ಲಿ ಇವನಿಗೆ ಏನೂ ನೆನಪಿಲ್ಲ."

"ಹೌದಮ್ಮ, ಅಂಥಾ ನೋವು," ಎಂದ ಅಕ್ಕಿ ಅಂಗಡಿಯವನು.

"ಪಾಪ, ಪ್ರಜ್ಞೆನೇ ಇರ್ಲಿಲ್ಲ ಅಂತಾರೆ," ಎಂದು ಮೀನಂಗಡಿಯ ಹೆಂಗಸು ಇನ್ನೊಂದು ಸೌಟು ಗಂಜಿ ಬಡಿಸಿದಳು.

ಇಸಾಮುವಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತನ್ನ ಎದೆ ಹಗುರ ಮಾಡಿಕೊಳ್ಳಲು ಹೋಗಿ, ಹುಟ್ಟುಹಬ್ಬದ ದಿನವೇ ತುಂಬಿದ ಸಭೆಯೆದುರು ಅಜ್ಜಿಯನ್ನು ಸುಳ್ಳುಗಾತಿ ಮಾಡಹೊರಟಿದ್ದ. ಊರವರು ಅವಳ ಮಾನ ಉಳಿಸಿದ್ದರು. ಅವನು ಗಂಜಿಯನ್ನು ತಳ ಕಾಣುವವರೆಗೆ ಉಂಡ.

ಮರುವರ್ಷ ಒಸಾಕಾ ಬಿಟ್ಟು ಊರಿಗೆ ಬಂದ. ಕಿತ್ತಳೆ ತುಂಬುವ ಗೋದಾಮಿನ ಹಿಂದೆ ಬಲೆ ಕಟ್ಟಿ ಆಟ ಕಲಿಸತೊಡಗಿದ. ಅಜ್ಜಿ ಇನ್ನೂ ಕೆಲವು ವರ್ಷ ಬದುಕಿದ್ದಳು. ಕೊಚಿಯ ಹೆಸರು ಅವರಿಬ್ಬರ ನಡುವೆ ಮತ್ತೆ ಬರಲಿಲ್ಲ. ವರ್ಷಕ್ಕೊಮ್ಮೆ ಜಿಲ್ಲೆಯ ಸಣ್ಣ ಪಂದ್ಯಕ್ಕೆ ಅವನು ಹೆಸರು ಕೊಡುತ್ತಾನೆ, ದಿನಾಂಕವನ್ನು ಓಚಿಗೆ ಮುಂಚೆಯೇ ತಿಳಿಸುತ್ತಾನೆ. ನಾಲ್ಕಾರು ಜನ ಬರುತ್ತಾರೆ. ಅವನು ಸಾಮಾನ್ಯವಾಗಿ ಸೋಲುತ್ತಾನೆ. ಸೋತ ಕೂಡಲೇ ಮುಖವನ್ನೂ ತೊಳೆಯದೆ ನೇರ ಅವರ ಬಳಿಗೆ ನಡೆಯುತ್ತಾನೆ. ಆ ಇಪ್ಪತ್ತು ಹೆಜ್ಜೆ ಈಗಲೂ ಅವನಿಗೆ ಸುಲಭವಲ್ಲ, ಷೂ ಮಾತ್ರ ಕಾಲಲ್ಲೇ ಇರುತ್ತದೆ.